ಖಾಲಿ ಕುರ್ಚಿಗೆ ಕೊಟ್ಟ ಅಂಕ

ಅಂಕ ಕೊಡುವ ಕೆಲಸ ಮಾಡುವವರಿಗೆ ಸ್ವರ್ಗದ ಬಾಗಿಲು ತೆರೆಯುವುದಿಲ್ಲವೆಂದು ನನ್ನ ಗುಮಾನಿ. ಹೆಚ್ಚು ಕೊಟ್ಟರೆ ಕೈ ಸಡಿಲ ಅನ್ನುತ್ತಾರೆ, ಕಡಿಮೆ ಕೊಟ್ಟರೆ ಕರುಳಿಲ್ಲದವಳು ಅನ್ನುತ್ತಾರೆ, ಸರಿಯಾಗಿ ಕೊಟ್ಟರೆ ಎರಡೂ ಕಡೆಯವರು ಸೇರಿ ಬೈಯುತ್ತಾರೆ. ಗಣಿತದವಳಾದ ನನಗೆ ಈ ಕಾಟ ಬಹಳ ವರ್ಷ ತಟ್ಟಿರಲಿಲ್ಲ. ಗಣಿತದಲ್ಲಿ ಉತ್ತರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಯಾರಿಂದ ಫೋನು ಮಾಡಿಸಿದರೂ ಎರಡಕ್ಕೆ ಎರಡು ಕೂಡಿಸಿದರೆ ಐದಾಗುವುದಿಲ್ಲ. ದೆವ್ವಗಳ ವಿಷಯದಲ್ಲೂ ನನ್ನದು ಇದೇ ಧೋರಣೆ. ನಾನು ಅವನ್ನು ನಂಬುವುದಿಲ್ಲ, ಅವುಗಳೊಡನೆ ಜಗಳವೂ ಇಲ್ಲ. ಅವುಗಳ ಪಾಡಿಗೆ ಅವು, ನನ್ನ ಪಾಡಿಗೆ ನಾನು ಎಂದು ಐವತ್ತು ದಾಟುವವರೆಗೆ ಹೇಗೋ ಹೊಂದಿಕೊಂಡು ಬಂದಿದ್ದೆವು. ಆದರೆ ಒಂದು ದಿನ ಅವುಗಳಲ್ಲಿ ಒಬ್ಬರಿಗೆ ಅಂಕ ಕೊಡಬೇಕಾದ ಪ್ರಸಂಗ ಬಂದರೆ ಏನು ಮಾಡಬೇಕೆಂದು ಯಾವ ವಿಶ್ವವಿದ್ಯಾಲಯದ ಸುತ್ತೋಲೆಯಲ್ಲೂ ಬರೆದಿಲ್ಲ. ನಾನು ಹುಡುಕಿ ನೋಡಿದ್ದೇನೆ.

ನಾನು ಪಾಠ ಮಾಡುವುದು ನಂಜನಗೂಡಿನ ಒಂದು ಕಾಲೇಜಿನಲ್ಲಿ, ಮನೆ ಇರುವುದು ಟಿ. ನರಸೀಪುರದಲ್ಲಿ. ನಮ್ಮ ಕಾಲೇಜಿನಲ್ಲಿ ಪರಿಸರ ಅಧ್ಯಯನ ಎಂಬುದು ಯಾರಿಗೂ ಬೇಡದ ವಿಷಯ. ಎಲ್ಲ ಕೋರ್ಸಿನವರಿಗೂ ಕಡ್ಡಾಯ, ಪಾಠ ಮಾಡುವುದು ಮಾತ್ರ ಯಾರಿಗೂ ಕಡ್ಡಾಯವಲ್ಲ. ಪ್ರತಿ ವರ್ಷ ಟೈಂಟೇಬಲ್ ಹಾಕುವ ದಿನ ಯಾರು ರಜೆಯ ಮೇಲೆ ಇರುತ್ತಾರೋ ಅವರ ತಲೆಗೆ ಅದನ್ನು ಕಟ್ಟುವುದು ರೂಢಿ. ಹೋದ ವರ್ಷ ನನಗೆ ಆ ದಿನ ಹಲ್ಲುನೋವು. ಹಲ್ಲು ಕೀಳಿಸಿಕೊಂಡು ಮಾರನೆಯ ದಿನ ಬಂದರೆ, ಕೆನ್ನೆ ಊದಿಸಿಕೊಂಡೇ ನಾನು ಪರಿಸರದ ಮೇಡಂ ಆಗಿದ್ದೆ. ‘ಪ್ರಕೃತಿ ಅಂದ್ರೆ ನಿಮಗೆ ಇಷ್ಟ ಅಲ್ವಾ’ ಎಂದರು ಪ್ರಿನ್ಸಿಪಾಲರು. ನನ್ನ ಮನೆಯಲ್ಲಿ ಇರುವುದು ಒಂದೇ ತುಳಸಿ ಗಿಡ, ಅದಕ್ಕೂ ನೀರು ಹಾಕುವವರು ನಮ್ಮತ್ತೆ. ಬಾಯಿಯಲ್ಲಿ ಹತ್ತಿ ಇದ್ದುದರಿಂದ ನನಗೆ ಪ್ರತಿಭಟಿಸಲು ಆಗಲಿಲ್ಲ.

ಇದರ ಬೆನ್ನಿಗೇ ಮೈಸೂರಿನಲ್ಲಿ ತರಬೇತಿ. ಪಾಠ ಒಪ್ಪಿಸುವ ಕಾಲ ಹೋಯಿತು, ಇನ್ನು ಮಕ್ಕಳಿಂದ ಚರ್ಚೆ ಮಾಡಿಸಬೇಕು, ಅದೂ ಕ್ರಮಬದ್ಧವಾಗಿ ಎಂದು ಅಲ್ಲಿ ಹೇಳಿಕೊಟ್ಟರು. ಪರ ಒಂದು ತಂಡ, ವಿರೋಧ ಒಂದು ತಂಡ, ಒಬ್ಬೊಬ್ಬರಿಗೆ ಇಷ್ಟು ನಿಮಿಷ, ಆಮೇಲೆ ಪ್ರತಿವಾದ. ಅಂಕಕ್ಕೂ ಒಂದು ಕೋಷ್ಟಕ: ವಿಷಯಕ್ಕೆ ಇಷ್ಟು, ಪುರಾವೆಗೆ ಇಷ್ಟು, ಎದುರಾಳಿಯ ಮಾತಿಗೆ ಉತ್ತರ ಕೊಟ್ಟರೆ ಇಷ್ಟು, ಸಮಯಪಾಲನೆಗೆ ಇಷ್ಟು. ಬಾಯಿ ಬಿಡದವರಿಗೆ ಸೊನ್ನೆ. ಕೋಷ್ಟಕ ಕಂಡರೆ ನನ್ನಂಥವಳಿಗೆ ಜೀವ ಬರುತ್ತದೆ. ಇನ್ನೂ ಒಂದು ವಿಶೇಷವಿತ್ತು. ಎರಡು ತಂಡಗಳ ನಡುವೆ ಒಂದು ಖಾಲಿ ಕುರ್ಚಿ ಇಡಬೇಕು. ಅದು ಇನ್ನೂ ಹುಟ್ಟದಿರುವ ಮುಂದಿನ ಪೀಳಿಗೆಯ ಕುರ್ಚಿ. ನಾವು ಕಡಿಯುವ ಮರ, ಕೆಡಿಸುವ ನೀರು ಅವರದೂ ಹೌದಲ್ಲ. ಅವರಿಗೆ ಬಾಯಿಲ್ಲವಾದ್ದರಿಂದ ವಿದ್ಯಾರ್ಥಿಗಳಲ್ಲಿ ಯಾರು ಬೇಕಾದರೂ ಬಂದು ಆ ಕುರ್ಚಿಯಲ್ಲಿ ಕೂತು ಅವರ ಪರವಾಗಿ ಮಾತಾಡಬಹುದು. ಹೇಳಿಕೊಟ್ಟವರು ದೆಹಲಿ ಕಡೆಯವರು. ನಮ್ಮ ಕಡೆ ಖಾಲಿ ಮಣೆ ಹಾಕುವುದು ಯಾರಿಗೆ ಎಂಬುದು ಅವರಿಗೆ ಹೇಗೆ ಗೊತ್ತಿರಬೇಕು? ನನಗೆ ಗೊತ್ತಿತ್ತು, ಆದರೆ ಹೊಳೆಯಲಿಲ್ಲ.

ಕಾಲೇಜಿಗೆ ಬಂದು ವಿಷಯ ಪ್ರಕಟಿಸಿದೆ. ನರಸೀಪುರ ರಸ್ತೆ ಅಗಲ ಮಾಡುತ್ತಾರಂತೆ, ಎರಡೂ ಬದಿಯ ಹುಣಸೆ, ಆಲದ ಸಾಲುಮರಗಳಿಗೆ ಸುಣ್ಣದಲ್ಲಿ ಗುರುತು ಹಾಕಿ ಹೋಗಿದ್ದಾರಂತೆ ಎಂದು ಊರೆಲ್ಲ ಮಾತಾಡುತ್ತಿದ್ದ ಸಮಯ. ‘ಸಾಲುಮರ ಕಡಿಯಬೇಕೇ, ಬೇಡವೇ’ ಎಂದು ಹಲಗೆಯ ಮೇಲೆ ಬರೆದೆ. ಕುರ್ಚಿಯ ವಿಷಯವನ್ನೂ ವಿವರಿಸಿದೆ. ಹುಲ್ಲಹಳ್ಳಿಯ ಮಹದೇವ ಎದ್ದು ನಿಂತ. ಅವನು ತರಗತಿಯ ವಾಗ್ಮಿ, ಕಡಿಯಬೇಕು ಎನ್ನುವ ತಂಡದ ನಾಯಕ.

‘ಮೇಡಂ, ಖಾಲಿ ಕುರ್ಚಿ ಇಕ್ಕೋದು ಇರೀಕರಿಗಲ್ವಾ?’

‘ಹಿರೀಕರಿಗಲ್ಲಪ್ಪ. ಇನ್ನೂ ಹುಟ್ಟದೇ ಇರೋರಿಗೆ.’

‘ಎಲ್ಡೂ ಒಂದೇ ಅಲ್ವಾ ಮೇಡಂ? ಸತ್ತೋರೇ ತಾನೆ ತಿರ್ಗಾ ಉಟ್ಟೋದು? ನಮ್ ತಾತ ಓಗಿ ವರ್ಸ ತುಂಬೋದ್ರೊಳಗೆ ನಮ್ಮಣ್ಣನ ಮಗ ಆಗಿ ಬಂದವ್ನೆ. ಅದೇ ಮೂಗು, ಅದೇ ಸಿಟ್ಟು. ಮನೇಲಿ ನಮ್ಮವ್ವ ಆ ಮಗೂನ ಬೈಯೋದೇ ಇಲ್ಲ, ಮಾವ ಅಂತ.’

ತರಗತಿಗೆ ತರಗತಿಯೇ ತಲೆಯಾಡಿಸಿತು. ಸುಸ್ಥಿರ ಅಭಿವೃದ್ಧಿಯ ವ್ಯಾಖ್ಯೆಯನ್ನು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ, ಕಡೆಗೆ ಚಿತ್ರ ಬರೆದೂ ಹೇಳಿದೆ. ‘ಅದೇ ಮೇಡಂ, ನಾವೂ ಅದ್ನೇ ಏಳ್ತಿರೋದು’ ಎಂದರು. ಗಂಟೆ ಹೊಡೆಯಿತು. ಚರ್ಚೆ ಪಿತೃಪಕ್ಷದ ನಡುವೆ ಬಿದ್ದಿದೆ ಎಂಬುದನ್ನು ಆಗಲಾದರೂ ನಾನು ಗಮನಿಸಬೇಕಾಗಿತ್ತು.

ಇಲ್ಲಿ ಸುಧಾಳ ವಿಷಯ ಹೇಳಬೇಕು. ಹೆಮ್ಮಿಗೆಯ ಹುಡುಗಿ. ಆ ವರ್ಷ ನರಸೀಪುರದಲ್ಲಿ ಬಸ್ಸು ಬದಲಾಯಿಸಿ ನನ್ನ ಬಸ್ಸಿನಲ್ಲೇ ನಂಜನಗೂಡಿಗೆ ಬರುತ್ತಿದ್ದಳು. ಅವಳ ಅಕ್ಕ ಶೋಭಾ ನಮ್ಮ ಕಾಲೇಜಿನಲ್ಲೇ ಡಿಗ್ರಿ ಮುಗಿಸಿ, ನಂಜನಗೂಡಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಮಾತಿನ ಮಲ್ಲಿ. ತರಗತಿಯಲ್ಲಿ ನಾನು ಒಂದು ಅಂದರೆ ಅವಳದು ನಾಲ್ಕು. ತಂಗಿಯ ಪಾಲಿನ ಮಾತನ್ನೂ ಅವಳೇ ಆಡಿಬಿಡುತ್ತಿದ್ದಳು. ಸುಧಾಳ ಅಡ್ಮಿಷನ್ ದಿನ ‘ನಿನ್ನ ಹೆಸರೇನಮ್ಮ’ ಎಂದರೆ ಅಕ್ಕನೇ ಹೇಳಿದಳು. ಆಗ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಓಡಾಡುತ್ತಿದ್ದರು. ಚರ್ಚೆಯ ಹಿಂದಿನ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ಅಪಘಾತವಾಗಿ ಶೋಭಾ ಹೋದಳು. ಸುಧಾ ಕೈ ಮುರಿದುಕೊಂಡು ಉಳಿದಳು. ಕೈ ಕೂಡಿತು, ಬಾಯಿ ಮಾತ್ರ ಕಟ್ಟಿಹೋಯಿತು. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು, ಪ್ರಶ್ನೆ ಕೇಳಿದರೆ ಬರೆದು ತೋರಿಸುತ್ತಿದ್ದಳು. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲೇ ಕೂತಿರುತ್ತಿದ್ದಳು. ದಾರಿಯಲ್ಲಿ ಒಂದು ತಿರುವು ಬರುವಾಗ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನಾನು ನಿದ್ದೆ ಎಂದುಕೊಂಡಿದ್ದೆ.

ಈಗ ಚರ್ಚೆಯಲ್ಲಿ ಬಾಯಿ ಬಿಡದಿದ್ದರೆ ಸೊನ್ನೆ. ಸೊನ್ನೆ ಬಂದರೆ ಇಂಟರ್ನಲ್‌ನಲ್ಲಿ ಪಾಸಾಗುವುದಿಲ್ಲ, ಪಾಸಾಗದಿದ್ದರೆ ಹಾಲ್ ಟಿಕೆಟ್ ಇಲ್ಲ, ಒಂದು ವರ್ಷ ಹೋಯಿತು. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿ ಮತ್ತೆ ಕಾಲೇಜಿಗೆ ಬರುವುದನ್ನು ನನ್ನ ಸರ್ವೀಸಿನಲ್ಲಿ ಕಂಡಿಲ್ಲ. ‘ಎರಡು ಮಾತಾದರೂ ಆಡು, ಹೆಸರು ಹೇಳಿ ಕೂತರೂ ಸರಿ, ಏನಾದರೂ ಹಾಕಿಕೊಡ್ತೀನಿ’ ಎಂದೆ. ಕೋಷ್ಟಕವನ್ನು ಅಷ್ಟು ಸಡಿಲಿಸಿದ್ದಕ್ಕೆ ನನಗೇ ನನ್ನ ಮೇಲೆ ಸಿಟ್ಟು ಬಂತು. ಅವಳು ತಲೆ ತಗ್ಗಿಸಿ ನಿಂತಿದ್ದು, ಹಾಗೇ ಹೋದಳು.

ಚರ್ಚೆಯ ದಿನ ಮೋಡ ಕವಿದು ಮಧ್ಯಾಹ್ನವೇ ಸಂಜೆಯಾದಂತಿತ್ತು. ನಮ್ಮ ತರಗತಿ ಕಟ್ಟಡದ ಕೊನೆಯದು, ಕಿಟಕಿಯ ಆಚೆ ಹುಣಸೆಮರದ ಕೊಂಬೆ. ಒಳಗೆ ಕಾಲಿಟ್ಟರೆ ಫಿನಾಯಿಲ್ ಬದಲು ಅರಿಸಿನದ ವಾಸನೆ. ಬೆಂಚುಗಳೆಲ್ಲ ಎರಡು ಕಡೆಗೆ ಸರಿದಿದ್ದವು. ನಡುವೆ ಸ್ಟಾಫ್ ರೂಮಿನಿಂದ ತಂದ ಮರದ ಕುರ್ಚಿ, ಒದ್ದೆಬಟ್ಟೆಯಲ್ಲಿ ಒರೆಸಿದ್ದು, ಅದರ ಮೇಲೆ ಮಡಿಸಿದ ಹೊಸ ಟವೆಲ್ಲು, ಕಾಲಿಗೆ ಚೆಂಡುಹೂವು. ಮುಂದೆ ಬಾಳೆಯೆಲೆಯ ತುಂಡಿನ ಮೇಲೆ ಒಂದು ಕಜ್ಜಾಯ, ಎರಡು ಕೋಡುಬಳೆ, ಒಂದು ಬೀಡಿ. ಬೀಡಿ ಯಾಕೆ ಎಂದು ಕೇಳಿದೆ. ‘ಯಾರು ಬತ್ತಾರೋ ಗೊತ್ತಿಲ್ವಲ್ಲ ಮೇಡಂ’ ಎಂದ ಮಹದೇವ.

ಸಿಟ್ಟು ನೆತ್ತಿಗೇರಿತು. ಇದು ಕಾಲೇಜೋ ಮಠವೋ, ಇಪ್ಪತ್ತೊಂದನೆಯ ಶತಮಾನವೋ ಇನ್ಯಾವುದೋ ಎಂದು ಕೂಗಾಡಿದೆ. ಎಲ್ಲರೂ ವಿನಯದಿಂದ ಕೇಳಿಸಿಕೊಂಡರು. ಆಮೇಲೆ ಬದನವಾಳಿನ ಕಾವ್ಯಾ, ಆಕೆ ವಿರೋಧದ ತಂಡದ ನಾಯಕಿ, ಮೆಲ್ಲಗೆ ಹೇಳಿದಳು: ‘ಸ್ವಲ್ಪ ಹೊತ್ತು ಎಲ್ರೂ ಆಚೆ ನಿಂತ್ಕಂಡು ಬಾಗಿಲು ಹಾಕ್ಬೇಕು ಮೇಡಂ. ನಾವು ನೋಡ್ತಿದ್ರೆ ಅವ್ರು ಕೂತ್ಕಳಲ್ಲ.’

ಈ ಪದ್ಧತಿ ನನಗೆ ಹೊಸದಲ್ಲ. ನಮ್ಮತ್ತೆಯೂ ಪ್ರತಿ ವರ್ಷ ಮಾವನವರಿಗೆ ಎಡೆ ಇಟ್ಟು ಬಾಗಿಲು ಮುಚ್ಚಿ ನಮ್ಮನ್ನೆಲ್ಲ ಪಡಸಾಲೆಯಲ್ಲಿ ನಿಲ್ಲಿಸುತ್ತಾರೆ. ಒಂದು ವರ್ಷ ಬಾಗಿಲು ತೆಗೆದಾಗ ಚಕ್ಕುಲಿ ಮುರಿದಿತ್ತು. ‘ಹಲ್ಲಿರಲಿಲ್ಲ ನೋಡು, ಮುರ್ಕೊಂಡು ತಿಂದವ್ರೆ’ ಎಂದು ಅತ್ತೆ ಕಣ್ಣೊರೆಸಿಕೊಂಡರು. ನಾನು ಇಲಿ ಎಂದೆ. ಆ ವರ್ಷ ದೀಪಾವಳಿಯವರೆಗೂ ಅತ್ತೆ ನನ್ನ ಜೊತೆ ಮಾತಾಡಲಿಲ್ಲ. ಆ ಅನುಭವದಿಂದಲೋ ಏನೋ, ತರಗತಿಯಲ್ಲಿ ನಾನು ವಾದಕ್ಕೆ ನಿಲ್ಲದೆ ಮಕ್ಕಳ ಜೊತೆ ಆಚೆ ಬಂದೆ. ಬಾಗಿಲು ಮುಚ್ಚಿತು. ಕಾರಿಡಾರಿನಲ್ಲಿ ಒಂದು ಪಿಸುಮಾತೂ ಇಲ್ಲ. ನಾನು ಪಾಠ ಮಾಡುವಾಗ ಒಂದು ದಿನವೂ ಇಷ್ಟು ನಿಶ್ಶಬ್ದವಾಗಿ ಇರದ ಮಕ್ಕಳು.

ಆಗ ಪ್ರಿನ್ಸಿಪಾಲರು ರೌಂಡ್ಸಿಗೆ ಬಂದರು. ‘ಏನ್ ಮೇಡಂ, ಎಲ್ಲಾ ಆಚೆ ನಿಂತಿದ್ದೀರಿ?’

‘ಒಳಗೆ ಸಿದ್ಧತೆ ನಡೀತಿದೆ ಸಾರ್.’

‘ಯಾರು ಮಾಡ್ತಿದ್ದಾರೆ?’

ಅಷ್ಟರಲ್ಲಿ ಒಳಗಿನಿಂದ ಕುರ್ಚಿ ಎಳೆದ ಸದ್ದಾಯಿತು. ಸಿಮೆಂಟು ನೆಲದ ಮೇಲೆ ಮರದ ಕಾಲು ಎಳೆದಾಗ ಬರುವ ಸದ್ದು. ಪ್ರಿನ್ಸಿಪಾಲರು ನಮ್ಮನ್ನೆಲ್ಲ ಒಮ್ಮೆ ಎಣಿಸುವವರಂತೆ ನೋಡಿದರು. ಯಾರೂ ಒಳಗೆ ಉಳಿದಿರಲಿಲ್ಲ. ಅವರ ಊರೂ ಹುಲ್ಲಹಳ್ಳಿಯ ಪಕ್ಕವೇ. ‘ನಡೀಲಿ, ನಡೀಲಿ’ ಎಂದು ದನಿ ತಗ್ಗಿಸಿ, ಶೂ ಸದ್ದಾಗದ ಹಾಗೆ ತುದಿಗಾಲಿನಲ್ಲಿ ಹೊರಟುಹೋದರು. ಮಹದೇವ ಬಾಗಿಲ ಬಳಿ ನಿಂತು ಕೆಮ್ಮಿದ. ತೆಗೆಯುವ ಮುಂಚೆ ಕೆಮ್ಮಿ ಸೂಚನೆ ಕೊಡಬೇಕು. ಒಳಗೆ ಹೋದೆವು. ನಾವು ಹೊರಗೆ ಬರುವಾಗ ಹಲಗೆಯ ಕಡೆ ಮುಖ ಮಾಡಿದ್ದ ಕುರ್ಚಿ ಈಗ ಬೆಂಚುಗಳ ಕಡೆ ತಿರುಗಿತ್ತು. ಕಿಟಕಿ ತೆರೆದಿದೆ, ಗಾಳಿ ಎಂದೆ. ಹುಣಸೆ ಕೊಂಬೆಯ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಕೋಷ್ಟಕವನ್ನು ಎದೆಗೆ ಅವಚಿಕೊಂಡು ನನ್ನ ಜಾಗದಲ್ಲಿ ಕೂತೆ.

ಚರ್ಚೆ ಆರಂಭವಾಯಿತು. ನೆರಳು, ಹಕ್ಕಿ, ಆಮ್ಲಜನಕ ಎಂದು ಕಾವ್ಯಾ. ಆಂಬ್ಯುಲೆನ್ಸು, ಬಸ್ಸು, ಕಬ್ಬಿನ ಲಾರಿ ಎಂದು ಮಹದೇವ. ಸಾಮಾನ್ಯ ದಿನವಾಗಿದ್ದರೆ ಕಿರುಚಾಟವಾಗುತ್ತಿತ್ತು. ಆ ದಿನ ಒಬ್ಬೊಬ್ಬರೂ ಕುರ್ಚಿಯ ಕಡೆ ನೋಡಿಕೊಂಡು, ಹಿರಿಯರ ಮುಂದೆ ಮಾತಾಡುವಂತೆ ತೂಗಿ ತೂಗಿ ಆಡಿದರು. ಬಂದು ಕೂರುವವರು ಮಾತ್ರ ಯಾರೂ ಇಲ್ಲ. ‘ಕುರ್ಚೀಲಿ ಕೂತು ಮಾತಾಡಿದ್ರೆ ಹೆಚ್ಚಿನ ಅಂಕ’ ಎಂದು ಆಸೆ ತೋರಿಸಿದೆ. ಒಬ್ಬರೂ ಮಿಸುಕಲಿಲ್ಲ. ಸುಧಾ ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದಳು. ಅವಳ ಹೆಸರಿನ ಮುಂದಿನ ಚೌಕ ಇನ್ನೂ ಖಾಲಿಯೇ ಇತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಮಹದೇವ ಕೊನೆಯ ಅಸ್ತ್ರ ತೆಗೆದ.

‘ಈ ಮರಗಳು ಜನಾನೇ ಕೊಂದವೆ. ತಿರುವಲ್ಲಿ ಒಂದು ಉಣ್ಸೆಮರ ಅದೆ. ಓದ್ ವರ್ಸ ಅದ್ಕೆ ಸ್ಕೂಟರ್ ಗುದ್ದಿ...’ ಎನ್ನುತ್ತಲೇ ಅವನಿಗೆ ನೆನಪಾಯಿತು. ಬಾಯಿ ತೆರೆದುಕೊಂಡೇ ನಿಂತ.

ಸುಧಾ ಎದ್ದಳು. ನಡುವೆ ಬಂದಳು. ಟವೆಲ್ಲು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಳು. ಸುಧಾ ಹಾಗೆ ಕೂರುವವಳೇ ಅಲ್ಲ. ಹಾಗೆ ಕೂರುತ್ತಿದ್ದವಳು ಇನ್ನೊಬ್ಬಳು.

‘ಏನ್ಲಾ ಮಾದೇವ’ ಎಂದಿತು ದನಿ. ದಪ್ಪ ದನಿ, ನಗುವಿನ ಅಂಚಿನಲ್ಲಿ ನಿಂತದ್ದು. ಆ ದನಿಗೆ ನಾನು ಮೂರು ವರ್ಷ ‘ಶೋಭಾ, ಬಾಯಿ ಮುಚ್ಚು’ ಎಂದು ಹೇಳಿದ್ದೇನೆ. ‘ಮರದ ಮ್ಯಾಲೆ ಯಾಕ್ಲಾ ಆಕ್ತೀಯೆ? ಆ ಮರ ನಿಂತ ಜಾಗ ಬುಟ್ಟು ಒಂದೆಜ್ಜೆ ಈಚ್ಗೆ ಬಂದಿಲ್ಲ. ಟಿಪ್ಪರ್ ಬಂದಿದ್ದು. ಮಳೆ ಉಯ್ತಾ ಇತ್ತು, ಟಿಪ್ಪರಿಗೆ ಲೈಟಿಲ್ಲ. ಗಾಡಿ ಓಡಿಸ್ತಿದ್ದೋಳು ಸುಧಿ. ಅವ್ಳು ಎಡಕ್ಕೆ ತಿರುಗಿಸ್ದೆ ಓಗಿದ್ರೆ ಇಬ್ರೂ ಅದ್ರಡೀಲಿ ಇರ್ತಿದ್ವಿ. ಎಲ್ಮೆಟ್ ಆಕೋ ಅಕ್ಕ ಅಂದ್ಲು. ಮಲ್ಗೆ ಮುಡ್ದಿವ್ನಿ, ನಲುಗ್ತದೆ, ಬ್ಯಾಡ ಅಂದೋಳು ನಾನು. ಮರದ್ದೂ ತಪ್ಪಿಲ್ಲ. ನನ್ ತಂಗೀದೂ ತಪ್ಪಿಲ್ಲ.’

ಗಾಡಿ ಓಡಿಸುತ್ತಿದ್ದವಳು ಸುಧಾ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಅಕ್ಕನೇ ಎಂದುಕೊಂಡಿದ್ದೆವು. ನನ್ನ ತೋಳಿನ ಕೂದಲೆಲ್ಲ ನಿಮಿರಿ ನಿಂತಿದ್ದವು. ಆದರೆ ಕಸುಬು ಎಂಬುದು ಕೆಟ್ಟದ್ದು ನೋಡಿ, ಕೈ ಅದರ ಪಾಡಿಗೆ ಅದು ಬರೆಯುತ್ತಿತ್ತು: ಪುರಾವೆ, ಪೂರ್ತಿ ಅಂಕ, ಎದುರಾಳಿಗೆ ಉತ್ತರ, ಪೂರ್ತಿ ಅಂಕ. ಸಮಯ ಮುಗಿದದ್ದನ್ನು ನೋಡಿ, ಅದೇ ಕೈ ಮೇಜಿನ ಮೇಲಿನ ಗಂಟೆಯನ್ನೂ ಬಾರಿಸಿತು.

‘ಇರಿ ಮೇಡಂ, ಬಂದಿವ್ನಿ, ಏಳೋದ್ ಏಳ್ಬುಟ್ಟು ಓಯ್ತೀನಿ’ ಎಂದಳು ಕುರ್ಚಿಯಲ್ಲಿದ್ದವಳು. ‘ಮರ ಕಡುದ್ರೆ ಟಿಪ್ಪರ್ ಇನ್ನೂ ಜೋರಾಗಿ ಓಯ್ತದೆ ಕಣ್ಲಾ ಮಾದೇವ. ಆಗ ಗುದ್ದಕ್ಕೆ ಮರ ಇರಲ್ಲ, ಜನ ಇರ್ತಾರೆ. ಇನ್ನೊಂದ್ ಮಾತು. ಈ ಕುರ್ಚಿ ಉಟ್ದೆ ಇರೋರ್ದು ಅಂದ್ರಲ್ಲ ಮೇಡಂ. ನಂಗೂ ಮಕ್ಕಳು ಉಟ್ನಿಲ್ಲ. ಉಟ್ಟಿದ್ರೆ ಆ ಮರದ್ ಉಣ್ಸೆಕಾಯ್ಗೆ ಕಲ್ಲು ಒಡಿತಿದ್ವು. ಅಷ್ಟೇ ನಾನ್ ಏಳ್ಬೇಕಾಗಿದ್ದು.’

ಟವೆಲ್ಲನ್ನು ಮತ್ತೆ ಕುರ್ಚಿಯ ಮೇಲೆ ಇಟ್ಟು, ಸರಿಪಡಿಸಿ, ಎದ್ದು ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಕೂತ ಮೇಲೆ ಪಕ್ಕದವಳನ್ನು ಸಣ್ಣ ದನಿಯಲ್ಲಿ ಕೇಳಿದಳು: ‘ನನ್ ಸರದಿ ಬಂತಾ?’ ಒಂದು ವರ್ಷದ ಮೇಲೆ ಸುಧಾ ಆಡಿದ ಮೊದಲ ಮಾತು ಅದು. ಯಾರೋ ಅತ್ತರು. ನಾನು ಚರ್ಚೆ ಮುಗಿಯಿತು ಎಂದು ಹೇಳಿದೆ.

ಮನಸ್ಸಿಗೆ ವಿಪರೀತ ಪೆಟ್ಟು ಬಿದ್ದಾಗ ಹೀಗಾಗುವುದುಂಟು, ಇದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ ಎಂದು ಬಸ್ಸಿನಲ್ಲಿ ಮೊಬೈಲು ನೋಡಿ ಖಚಿತ ಮಾಡಿಕೊಂಡೆ. ಸಮಾಧಾನವಾಯಿತು. ಅಂತೂ ಹುಡುಗಿ ಮಾತಾಡಿದಳು, ಅಂಕ ಹಾಕಿದೆ, ವರ್ಷ ಉಳಿಯಿತು. ಮಾರನೆಯ ದಿನ ಈ ಶುಭಸಮಾಚಾರ ಹೇಳಲು ಸುಧಾಳನ್ನು ಸ್ಟಾಫ್ ರೂಮಿಗೆ ಕರೆಸಿದೆ. ಅವಳು ಬಂದು ನಿಂತು, ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು.

‘ಮೇಡಂ, ನಂಗೆ ಏನೂ ಗ್ಯಾನ ಇಲ್ಲ. ಕಾವ್ಯಾ ಏಳಿದ್ಲು. ಅಕ್ಕ ನಿಜ್ವಾಗ್ಲೂ ಅಂಗಂದ್ಲಾ? ನನ್ ತಪ್ಪಿಲ್ಲ ಅಂದ್ಲಾ? ನೀವೂ ಕೇಳಿಸ್ಕಂಡ್ರಾ?’

ನಾನು ಅಂಕದ ಮಾತು ತೆಗೆದೆ. ‘ಚೆನ್ನಾಗಿ ಮಾತಾಡಿದ್ದೀಯ. ನಿನ್ನ ಹೆಸರಿಗೆ...’

‘ನಾನೆಲ್ಲಿ ಮಾತಾಡ್ದೆ ಮೇಡಂ? ಮಾತಾಡಿದ್ದು ಅಕ್ಕ. ಅವಳ ಮಾರ್ಕ್ಸ್ ನಂಗ್ಯಾಕೆ? ನಂಗೆ ಸೊನ್ನೇನೇ ಆಕಿ. ಅಕ್ಕ ಏನಂದ್ಲು, ಅದ್ನ ಏಳಿ.’

‘ನಾಳೆ ಬಾಮ್ಮ’ ಎಂದೆ. ಗಣಿತದಲ್ಲಿ ಇಂಥ ಲೆಕ್ಕ ನಾನು ಕಂಡಿರಲಿಲ್ಲ. ಮಾತಾಡಿದ್ದು ನೀನೇ, ಸತ್ತವರು ಬಂದು ಮಾತಾಡುವುದಿಲ್ಲ ಎಂದರೆ ಅಂಕ ಅವಳದಾಗುತ್ತದೆ, ಆದರೆ ಅಕ್ಕ ತಪ್ಪಿಲ್ಲ ಎಂದು ಹೇಳಿದ್ದು ಸುಳ್ಳಾಗುತ್ತದೆ. ಮಾತಾಡಿದ್ದು ಅಕ್ಕನೇ ಎಂದರೆ ಆ ಮಾತು ಉಳಿಯುತ್ತದೆ, ಅಂಕ ಹೋಗುತ್ತದೆ, ವರ್ಷ ಹೋಗುತ್ತದೆ. ಒಂದು ವರ್ಷ ಆ ತಿರುವಿನಲ್ಲಿ ಕಣ್ಣು ಮುಚ್ಚಿಕೊಂಡು ಬಂದ ಹುಡುಗಿಗೆ ನಾನು ಯಾವುದನ್ನು ಕಿತ್ತುಕೊಳ್ಳಲಿ? ನನಗೆ ಅಳು ಬಂತು, ಜೊತೆಗೇ ಆ ದೆಹಲಿಯವರ ಮೇಲೆ ಅಸಾಧ್ಯ ಕೋಪವೂ ಬಂತು. ಒಂದು ಕುರ್ಚಿ ಕಡಿಮೆ ಇಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಬೆಳಿಗ್ಗೆ ಕಾಫಿ ಕುಡಿಯುವಾಗ ಯಜಮಾನರ ಮುಂದೆ ಇದನ್ನೆಲ್ಲ ತೋಡಿಕೊಂಡೆ. ಅವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು. ನಾನು ಯಾವ ಕಷ್ಟ ಹೇಳಿದರೂ ಅವರಿಗೆ ಕಚೇರಿಯದೇ ಒಂದು ಕಷ್ಟ ನೆನಪಾಗುತ್ತದೆ. ‘ಇದೇನ್ ಮಹಾ, ನಮ್ಮಲ್ಲಿ ದಿನಾ ಇದೇ ಗೋಳು’ ಎಂದರು. ‘ಜಮೀನು ಸತ್ತವರ ಹೆಸರಲ್ಲಿರತ್ತೆ, ಉಳೋರು ಮಕ್ಕಳು. ನಮ್ಮಪ್ಪಂದು ನಮಗೆ ಬೇಡ ಅಂತಾರಾ? ಪೌತಿ ಖಾತೆ ಮಾಡ್ಸಿ ತಮ್ಮ ಹೆಸರಿಗೆ ಬರಿಸ್ಕೊಳ್ತಾರೆ. ಸಕ್ಕರೆ ಕಡಿಮೆ ಆಗಿದೆ ನೋಡು.’ ನಾನು ಸಂ‌ತೋಷದಲ್ಲಿ ಸಕ್ಕರೆಯ ಡಬ್ಬವನ್ನೇ ಅವರ ಮುಂದೆ ಇಟ್ಟು ಬಸ್ಸಿಗೆ ಓಡಿದೆ.

ಸುಧಾ ಸ್ಟಾಫ್ ರೂಮಿಗೆ ಬಂದಳು. ಆ ಹೊತ್ತಿನಲ್ಲಿ ಅಲ್ಲಿ ನಾವಿಬ್ಬರೇ. ಮೊದಲು ಅವಳ ಪ್ರಶ್ನೆಗೆ ಉತ್ತರ ಕೊಟ್ಟೆ.

‘ಅಂದ್ಲು ಸುಧಾ. ನಾನು ಕಿವಿಯಾರೆ ಕೇಳ್ದೆ. ಮರದ್ದೂ ತಪ್ಪಿಲ್ಲ, ನನ್ ತಂಗೀದೂ ತಪ್ಪಿಲ್ಲ ಅಂದ್ಲು. ಹೆಲ್ಮೆಟ್ ಬೇಡ ಅಂದಿದ್ದು ತಾನೇ ಅಂದ್ಲು.’

ಅವಳು ಗೋಡೆ ಹಿಡಿದುಕೊಂಡು ಅತ್ತಳು. ಸದ್ದು ಮಾಡಿ ಅತ್ತಳು. ನಾನು ನೀರು ಕೊಟ್ಟು, ಅವಳು ಮೂಗು ಒರೆಸಿಕೊಳ್ಳುವವರೆಗೆ ಕಾದು, ಕೋಷ್ಟಕ ತೆಗೆದೆ.

‘ಈಗ ಮಾರ್ಕ್ಸ್ ವಿಷಯ. ಮಾತಾಡಿದ್ದು ಶೋಭಾ, ಒಪ್ಕೊಂಡೆ. ಮಾರ್ಕ್ಸು ಅವಳ ಹೆಸರಿಗೇ. ಆದರೆ ಅವಳು ಇಲ್ಲ. ಮದುವೆ ಆಗಿಲ್ಲ, ಮಕ್ಕಳಿಲ್ಲ. ನಿಮ್ಮ ಊರಲ್ಲಿ ಇಂಥ ಆಸ್ತಿಗೆ ಏನ್ ಮಾಡ್ತಾರೆ?’

ಸುಧಾ ಯೋಚಿಸಿದಳು. ‘ಪೌತಿ ಖಾತೆ ಮಾಡಿಸ್ತಾರೆ.’

‘ಅದನ್ನೇ ಮಾಡಿದ್ದೀನಿ. ಒಡಹುಟ್ಟಿದವಳು ನೀನು. ಬೇಡ ಅನ್ನೋ ಹಾಗಿಲ್ಲ, ಬೀಳು ಬಿಡೋಕಾಗಲ್ಲ.’

ಅವಳು ನಕ್ಕಳು. ಅಳುವಿನ ನಡುವೆ, ಬಾಯಿ ಮುಚ್ಚಿಕೊಂಡು, ಆದರೂ ನಗುವೇ. ಕೋಷ್ಟಕವನ್ನು ತೋರಿಸಿದೆ. ಹತ್ತಕ್ಕೆ ಒಂಬತ್ತೂವರೆ. ನನ್ನ ಕೈಯಲ್ಲಿ ಇಷ್ಟು ಯಾರಿಗೂ ಬಂದಿಲ್ಲ ಎಂದೆ. ಅವಳು ಕೈಮುಗಿದು ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ಯಾರೋ ಕರೆದಂತೆ ಕತ್ತು ವಾಲಿಸಿ ಕೇಳಿಸಿಕೊಂಡಳು. ಆಮೇಲೆ ಸಂಕೋಚದಿಂದ ಹೇಳಿದಳು:

‘ಮೇಡಂ, ಅರ್ಧ ಮಾರ್ಕ್ಸ್ ಯಾಕ್ ಕಟ್ ಮಾಡಿದ್ರಿ ಅಂತ ಅಕ್ಕ ಕೇಳ್ತಾವ್ಳೆ.’

ಅಂಕ ಕಡಿಮೆಯಾದದ್ದು ಯಾಕೆ ಎಂದು ಕೇಳಿದರೆ ನನ್ನಂಥವಳಿಗೆ ರೇಗುತ್ತದೆ. ಕನ್ನಡಕ ಏರಿಸಿಕೊಂಡು ಖಡಾಖಂಡಿತವಾಗಿ ವಿವರಿಸಿದೆ. ಗಂಟೆ ಬಾರಿಸಿದ ಮೇಲೂ ಮಾತಾಡಿದ್ದು ತಪ್ಪು, ಸಮಯಪಾಲನೆ ಎನ್ನುವುದು ಎಲ್ಲರಿಗೂ ಒಂದೇ, ಎಷ್ಟು ದೂರದಿಂದ ಬಂದವರಿಗೂ ನಿಯಮ ಬದಲಾಗುವುದಿಲ್ಲ, ಮೂರು ವರ್ಷ ನನ್ನ ತರಗತಿಯಲ್ಲಿ ಇದನ್ನೇ ಹೇಳಿಸಿಕೊಂಡವಳಿಗೆ ಮತ್ತೆ ಹೇಳಬೇಕಾಯಿತಲ್ಲ ಎಂದು ಗದರಿಯೂ ಬಿಟ್ಟೆ. ಸುಧಾ ನಿಂತಿದ್ದು ನನ್ನ ಬಲಕ್ಕೆ, ಬಾಗಿಲ ಹತ್ತಿರ. ಇಷ್ಟನ್ನೂ ನಾನು ಹೇಳಿದ್ದು ಎಡಕ್ಕೆ ತಿರುಗಿ, ಖಾಲಿ ಗೋಡೆಯನ್ನು ನೋಡಿಕೊಂಡು. ಹೇಳಿ ಮುಗಿಸಿ ಒಂದು ಗಳಿಗೆ ಉತ್ತರಕ್ಕೂ ಕಾದೆ. ಮರುಮಾತು ಬರಲಿಲ್ಲ, ವಾದ ಒಪ್ಪಿಗೆಯಾಯಿತೆಂದು ತಿಳಿದು ಸಹಿ ಹಾಕಿದೆ.